ಬಿಪಿಟಿ ಮುಗೀತು, ಮುಂದೆ ಡಿಪಿಟಿನಾ ಪಿಎಚ್‌ಡಿನಾ? ಫಿಸಿಯೋ ಮೇಡಂಗೆ ಕೇಳಿ

ಪ್ರಶ್ನೆ, ದಾವಣಗೆರೆ ವಿದ್ಯಾನಗರದಿಂದ:
ನಮಸ್ತೆ ಮೇಡಂ, ನಂದು ರಾಜೀವ್ ಗಾಂಧಿ ಯೂನಿವರ್ಸಿಟಿ ಬಿಪಿಟಿ, ಅಂದ್ರೆ ಫಿಸಿಯೋಥೆರಪಿ ಡಿಗ್ರಿ, ಇಂಟರ್ನ್‌ಶಿಪ್ ಈಗಷ್ಟೇ ಮುಗೀತು. ಅಮೆರಿಕಾಗೆ ಹೋಗಿ ಕೆಲಸ ಮಾಡ್ಬೇಕು ಅಂತ ತುಂಬಾ ಆಸೆ. ಅಲ್ಲಿ ಈಗ ಡಾಕ್ಟರೇಟ್ ಇಲ್ದೆ ಫಿಸಿಯೋ ಆಗೋಕೇ ಆಗಲ್ವಂತೆ. ಇಲ್ಲೊಬ್ರು ಕನ್ಸಲ್ಟೆನ್ಸಿಯವ್ರು ಆನ್‌ಲೈನ್ ಡಿಪಿಟಿ, ಅಂದ್ರೆ ಫಿಸಿಯೋಥೆರಪಿ ಡಾಕ್ಟರೇಟ್, ಐತೆ, ಮನೇಲೇ ಕೂತು ಮುಗ್ಸಿ ಆಮೇಲೆ ಹೋಗಿ ಅಂತಿದಾರೆ. ಅಪ್ಪ ಅಡಿಕೆ ದುಡ್ಡು ಬಂದಿದೆ ಕಟ್ಟಿಬಿಡೋಣ ಅಂತಾರೆ. ಕಟ್ಲಾ ಬೇಡ್ವಾ?

ಉತ್ತರ:
ಈಗ್ಲೇ ಕಟ್ಬೇಡಮ್ಮ, ಅಪ್ಪಂಗೂ ಇದನ್ನ ಓದಿ ಹೇಳು. ನೀ ಕೇಳಿರೋದು ಅರ್ಧ ನಿಜ. ಅಮೆರಿಕಾದಲ್ಲೇ ಓದಿ ಫಿಸಿಯೋ ಆಗೋರಿಗೆ 2016ರಿಂದ ಡಿಪಿಟಿನೇ ಬೇಕು, ಅಲ್ಲಿನ ಕಾಲೇಜುಗಳಿಗೆ ಮಾನ್ಯತೆ ಕೊಡೋ ಕ್ಯಾಪ್ಟಿ ಅಂತ ಸಂಸ್ಥೆ ಹಾಗೆ ಮಾಡಿದೆ. ಒಂದು ಡಿಗ್ರಿ ಮುಗ್ಸಿ ಅದರ ಮೇಲೆ 3 ವರ್ಷ, ಅದ್ರಲ್ಲಿ ಕನಿಷ್ಠ 30 ವಾರ ಪೂರ್ತಿ ಆಸ್ಪತ್ರೆ ಕ್ಲಿನಿಕ್ ಪೋಸ್ಟಿಂಗ್, ಎಷ್ಟೋ ಕಡೆ ಫೀಸೇ 1 ಲಕ್ಷ ಡಾಲರ್ ದಾಟುತ್ತೆ. ಆದ್ರೆ ನೀನು ಆಗ್ಲೇ ಫಿಸಿಯೋ. ಹೊರಗಡೆ ಓದಿ ಬಂದೋರಿಗೆ ಬೇರೆ ದಾರಿ ಇದೆ, ನಿನ್ನ ಓದು ಅಲ್ಲಿನ ಓದಿಗೆ ಸಮ ಇದ್ಯಾ ಅಂತ ಎಫ್‌ಸಿಸಿಪಿಟಿ ತರದ ಸಂಸ್ಥೆಗಳು ಒಂದೊಂದು ಸಬ್ಜೆಕ್ಟ್ ತೆಗ್ದು ನೋಡ್ತವೆ, ಕಮ್ಮಿ ಬಿದ್ದಿರೋದನ್ನ ಕೋರ್ಸ್ ಮಾಡಿ ತುಂಬ್ಕೋಬೇಕು, ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆ ಬರೀಬೇಕು, ನೀ ಹೋಗೋ ರಾಜ್ಯದ ಬೋರ್ಡ್ ಒಪ್ಪಿದ್ಮೇಲೆ ಲೈಸೆನ್ಸಿಗೆ ಬರೆಯೋ ಎನ್‌ಪಿಟಿಇ ಪರೀಕ್ಷೆ. 200ರಿಂದ 800ರ ಸ್ಕೇಲಲ್ಲಿ 600 ಬಂದ್ರೆ ಪಾಸ್, ಜೀವಮಾನದಲ್ಲಿ 6 ಸಲ ಮಾತ್ರ ಬರೆಯೋ ಅವಕಾಶ, ಅದಕ್ಕೇ ಅರೆಬರೆ ಓದ್ಕೊಂಡು ಕೂರ್ಬಾರ್ದು.

ಇನ್ನು ಆ ಆನ್‌ಲೈನ್ ಕೋರ್ಸು. ಅದು ಸಾಮಾನ್ಯವಾಗಿ ಟ್ರಾನ್ಸಿಷನಲ್ ಡಿಪಿಟಿ ಅಂತ ಇರುತ್ತೆ, ಹಳೇ ಡಿಗ್ರಿ ಇಟ್ಕೊಂಡು ಆಗ್ಲೇ ಪ್ರಾಕ್ಟೀಸ್ ಮಾಡ್ತಿರೋ ಫಿಸಿಯೋಗಳು ಮೇಲ್ದರ್ಜೆಗೆ ಹೋಗೋಕೆ ಅಂತ ಮಾಡಿದ್ದು. ಒಳ್ಳೇ ಕೋರ್ಸೇ, ಕಲಿಯೋಕೂ ಇರುತ್ತೆ. ಆದ್ರೆ ಕ್ಯಾಪ್ಟಿ ಮಾನ್ಯತೆ ಇರೋದು ಹೊಸದಾಗಿ ಫಿಸಿಯೋ ಆಗೋರ ಕೋರ್ಸಿಗೆ ಮಾತ್ರ, ಇದಕ್ಕಲ್ಲ. ಆ ಸರ್ಟಿಫಿಕೇಟ್ ಒಂದನ್ನೇ ಹಿಡ್ಕೊಂಡು ಹೋದ್ರೆ ಲೈಸೆನ್ಸ್ ಸಿಗಲ್ಲ. ಇದನ್ನ ಹೇಳ್ದೆ ದುಡ್ಡು ಕಟ್ಟಿಸ್ಕೊಳ್ಳೋದು ಮೋಸ, ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ, ವರ್ಷಪೂರ್ತಿ ತೋಟಕ್ಕೆ ನೀರು ಹಾಯ್ಸಿ ದುಡ್ದಿರೋ ದುಡ್ಡಮ್ಮ ಅದು.

ಪ್ರಶ್ನೆ, ಚಳ್ಳಕೆರೆಯಿಂದ:
ಮೇಡಂ ಮಧ್ಯ ಬಾಯಿ ಹಾಕ್ತೀನಿ ತಪ್ಪು ತಿಳೀಬೇಡಿ. ನಾನು ಎಂಪಿಟಿ, ಅಂದ್ರೆ ಫಿಸಿಯೋಥೆರಪಿ ಪಿಜಿ ಮುಗ್ಸಿದೀನಿ, ಊರು ಬಿಟ್ಟು ಹೋಗೋ ಮನಸ್ಸಿಲ್ಲ, ಕಾಲೇಜಲ್ಲಿ ಪಾಠ ಮಾಡ್ಬೇಕು ಅಂತ ಐತೆ. ನಂಗೆ ಡಿಪಿಟಿ ಒಳ್ಳೇದಾ ಪಿಎಚ್‌ಡಿನಾ?

ಉತ್ತರ:
ನಿಮಗೆ ಪಿಎಚ್‌ಡಿನೇ ಸರ್. ಡಿಪಿಟಿ ರೋಗಿ ನೋಡೋಕೆ ತಯಾರು ಮಾಡೋ ಓದು, ಪಿಎಚ್‌ಡಿ ಅಂದ್ರೆ ಸಂಶೋಧನೆ, ಎರಡಕ್ಕೂ ಡಾಕ್ಟರೇಟ್ ಅಂತಾರೆ ಅಷ್ಟೇ. ಯುಜಿಸಿ 2022ರ ನಿಯಮದ ಪ್ರಕಾರ ಕಮ್ಮಿ ಅಂದ್ರೂ 3 ವರ್ಷ, ಕೋರ್ಸ್‌ವರ್ಕ್ ಸೇರಿ. ಕೆಲಸ ಮಾಡ್ಕೊಂಡು ಓದೋರಿಗೆ ಅದಕ್ಕಿಂತ ಜಾಸ್ತಿನೇ ಹಿಡಿಯುತ್ತೆ ಅಂತ ಮನೇಲಿ ಮೊದ್ಲೇ ಹೇಳಿಡಿ. ರಾಜೀವ್ ಗಾಂಧಿ ಯೂನಿವರ್ಸಿಟಿ, ಮಣಿಪಾಲ, ಬೆಳಗಾವಿ ಕೆಎಲ್‌ಇ ಎಲ್ಲಾ ವಿಚಾರಿಸಿ, ಆದ್ರೆ ಯೂನಿವರ್ಸಿಟಿ ಹೆಸರಿಗಿಂತ ಗೈಡ್ ಯಾರು ಅನ್ನೋದು ಮುಖ್ಯ. ಅವ್ರ ಪೇಪರ್ ಓದಿ, ಅವ್ರ ಹತ್ರ ಈಗ ಮಾಡ್ತಿರೋ ಹುಡುಗ್ರನ್ನ ಮಾತಾಡ್ಸಿ, ತಿಂಗಳಿಗೊಂದ್ಸಲನಾದ್ರೂ ಕೂತು ಡ್ರಾಫ್ಟ್ ನೋಡ್ತಾರಾ ಅಂತ ಕೇಳಿ.

ವಿಷಯಕ್ಕೆ ಎಲ್ಲೂ ಹುಡುಕ್ಕೊಂಡು ಹೋಗೋದು ಬೇಡ. ನಮ್ ದಾವಣಗೆರೆ ಮಂಡಕ್ಕಿ ಭಟ್ಟಿಗಳಲ್ಲಿ ಒಲೆ ಮುಂದೆ ಹೊಗೇಲಿ ದಿನಗಟ್ಲೆ ಕೈಯಾಡ್ಸೋರು ಇದಾರೆ, ಅವ್ರ ಭುಜ, ಸೊಂಟ, ಉಸಿರಾಟ ಮೂರನ್ನೂ ಸೇರ್ಸಿ ನೋಡ್ಬೇಕಾದ ಕೆಲಸ ಅದು. ನಿಮ್ ಕಡೆ ಕಂಬಳಿ ನೇಯೋರ ಕುತ್ತಿಗೆ, ಮಂಡಿ, ಶೇಂಗಾ ಕೀಳೋ ಹೆಣ್ಮಕ್ಕಳ ಬೆನ್ನು. ಬೆಳಗ್ಗೆ ಮನೆ ಕೆಲಸ, ಮಧ್ಯಾಹ್ನ ಹೊಲ ಅಂತ ಇರೋರಿಗೆ ದಿನಕ್ಕೆ ಮೂರ್ ಸಲ ಎಕ್ಸರ್‌ಸೈಜ್ ಮಾಡಿ ಅಂತ ಚೀಟಿ ಬರ್ಕೊಟ್ರೆ ಯಾರೂ ಮಾಡಲ್ಲ, ಕೆಲಸದ ಮಧ್ಯದಲ್ಲೇ ಮಾಡೋಂಥದ್ದು ಯಾವ್ದು ಅಂತ ಕಂಡುಹಿಡಿದ್ರೆ ಅದು ಥೀಸಿಸ್‌ಗೂ ಆಯ್ತು ಜನಕ್ಕೂ ಆಯ್ತು. ಎಥಿಕ್ಸ್ ಕಮಿಟಿಗೆ ತೋರಿಸೋ, ಅಧ್ಯಯನಕ್ಕೆ ಬರೋರ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡ್ಸಿ, ಸಹಿ ಹಾಕೋರಿಗೆ ಏನು ಬರ್ದಿದೆ ಅಂತ ಗೊತ್ತಾಗ್ಬೇಕು.

ಮತ್ತೆ ವಿದ್ಯಾನಗರದಿಂದ:
ಥ್ಯಾಂಕ್ಸ್ ಮೇಡಂ, ಅಪ್ಪಂಗೆ ಓದಿ ಹೇಳ್ದೆ, ಕಟ್ಟೋದು ನಿಲ್ಸಿದೀವಿ. ವೀಸಾ ಹೆಂಗೆ? ಈಗ ಮೊದ್ಲು ಏನ್ ಮಾಡ್ಲಿ?

ಉತ್ತರ:
ಅಮೆರಿಕಾ ಸರ್ಕಾರದ ಷೆಡ್ಯೂಲ್ ಎ ಅಂತ ಪಟ್ಟೀಲಿ ನರ್ಸ್ ಜೊತೆ ಫಿಸಿಯೋಗಳೂ ಇದಾರೆ, ಅಂದ್ರೆ ಗ್ರೀನ್ ಕಾರ್ಡಿಗೆ ಹಾಕ್ವಾಗ ಅಲ್ಲಿ ಜನ ಸಿಗ್ತಿಲ್ಲ ಅಂತ ಆಸ್ಪತ್ರೆಯವ್ರು ಬೇರೆ ತೋರಿಸ್ಬೇಕಾಗಿಲ್ಲ. ಆದ್ರೆ ಇಂಡಿಯಾದಲ್ಲಿ ಹುಟ್ಟಿದೋರ ಕ್ಯೂ ವರ್ಷಗಟ್ಲೆ ಉದ್ದ ಇದೆ, ಅದನ್ನ ಲೆಕ್ಕಕ್ಕೆ ಇಟ್ಕೊಂಡೇ ಹೊರಡು. ಅಲ್ಲೀವರ್ಗೂ ಸುಮ್ನೆ ಮನೇಲಿ ಕೂರ್ಬೇಡ, ಇಲ್ಲೇ ಆಸ್ಪತ್ರೇಲಿ ಸೇರ್ಕೊಂಡು ಸ್ಟ್ರೋಕ್, ಮಂಡಿ ಆಪರೇಷನ್ ಆದೋರನ್ನ ಕೈಯಾರೆ ನೋಡು, ಎನ್‌ಪಿಟಿಇ ಪ್ರಶ್ನೆ ಎಷ್ಟೋ ಅಂಥ ಕೇಸ್ ಮೇಲೇ ಬರೋದು. ಎಂಪಿಟಿ ಮಾಡಿದ್ರೆ ಆ ಸಬ್ಜೆಕ್ಟ್ ಲೆಕ್ಕದಲ್ಲಿ ಕಮ್ಮಿ ಬೀಳೋದು ಸ್ವಲ್ಪ ತುಂಬುತ್ತೆ, ಇಲ್ಲೇ ಇದ್ರೂ ಉಪಯೋಗ.

ಮೊದ್ಲು ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಹಾಕು, ಅಂದ್ರೆ ಎಲ್ಲಾ ವರ್ಷದ ಸಬ್ಜೆಕ್ಟು, ಅಂಕದ ಅಧಿಕೃತ ದಾಖಲೆಗೆ, ನೀ ಓದಿದ ವರ್ಷದ್ದೇ ಪೂರ್ತಿ ಸಿಲಬಸ್, ಪ್ರತಿ ಸಬ್ಜೆಕ್ಟಿಗೆ ಎಷ್ಟು ಗಂಟೆ, ಕ್ಲಿನಿಕಲ್ ಪೋಸ್ಟಿಂಗ್ ಎಷ್ಟು ಗಂಟೆ ಅಂತ ಇರೋದು, ಕಾಲೇಜು ಸೀಲ್ ಹಾಕ್ಸಿ ಎರಡು ಸೆಟ್ ಇಟ್ಕೋ. ಗಂಟೆ ಲೆಕ್ಕ ಬರೀದೆ ಕೊಟ್ರೆ ವಾಪಸ್ ಕೊಟ್ಟು ಬರ್ಸಿಕೋ, ನಾಚ್ಕೋಬೇಡ.