ಪೀಕ್ ಡಿಸ್ಟ್ರಿಕ್ಟ್‌ನಾಗ ಸೈಕಲ್: ಅಪ್ಪಗೊಂದು, ನನಗೊಂದು, ತಮ್ಮಗೊಂದು ದಾರಿ ಬೇಕು

ಉಣಕಲ್_ಕೆರಿದಂಡಿ:

ಜುಲೈದಾಗ ಹತ್ತು ದಿನ ಇಂಗ್ಲೆಂಡಿನ ಶೆಫೀಲ್ಡ್‌ದಾಗ ಇರ್ತೇವಿ. ಬಾಜೂಕ ಪೀಕ್ ಡಿಸ್ಟ್ರಿಕ್ಟ್ ಅನ್ನೋ ಗುಡ್ಡಗಾಡು ಅದ, ನಾಲ್ಕೈದು ದಿನ ಸೈಕಲ್ ಹೊಡಿಯೋ ವಿಚಾರ. ಮೂರು ಮಂದಿ, ಮೂರು ನಮೂನಿ.

ಅಪ್ಪಗ 61 ವರ್ಷ. ಗೇರ್ ಇಲ್ಲದ ಸೈಕಲ್ ಮ್ಯಾಲೆ ದಿನಾ ಮುಂಜಾನೆ ನವನಗರದ ತನಕ ಹೋಗಿ ಬರ್ತಾರ, ಅಷ್ಟ. ನಾನು ಹುಬ್ಬಳ್ಳಿ–ಕಲಘಟಗಿ ಹೋಗಿ ಬರೋದು, ಸುಮಾರು 60 ಕಿ.ಮೀ. ತಮ್ಮ ಗದಗ ಮುಟ್ಟಿ ವಾಪಸ್ ಬರ್ತಾನ, 115 ಕಿ.ಮೀ., ಐದು ತಾಸಿನೊಳಗ. "ಅಲ್ಲೆ ದಿನಕ್ಕ ನೂರು ಕಿ.ಮೀ. ಏನು ದೊಡ್ಡದಲ್ಲ" ಅಂತ ಅವನ ವಾದ.

ಯಾರಿಗೆ ಯಾವ ದಾರಿ? 50/34 ಕ್ರ್ಯಾಂಕ್ (ಪೆಡಲ್ ಕಡೆ 50, 34 ಹಲ್ಲಿನ ಎರಡು ಚಕ್ರ), 11-28 ಕ್ಯಾಸೆಟ್ (ಹಿಂದಿನ ಗಾಲಿಗೆ 11ರಿಂದ 28 ಹಲ್ಲಿನ ಚಕ್ರಗಳು), 28 ಎಂ.ಎಂ. ಟೈರ್ ಸಾಕೇನು? ಸೈಕಲ್ ಇಲ್ಲಿಂದ ಒಯ್ಯಬೇಕೋ, ಅಲ್ಲೆ ಬಾಡಿಗಿ ತಗೋಬೇಕೋ?

ಸಾಧನಕೇರಿ_ಪೆಡಲ್:

ಅಕ್ಕಾರ, ಮೊದಲು ತಮ್ಮನ ಲೆಕ್ಕ ಬದಲು ಮಾಡಸ್ರಿ. ಅಲ್ಲೆ ದಾರಿ ಅಳಿಯೋದು ಏರಿನಿಂದ, ಕಿಲೋಮೀಟರ್‌ನಿಂದ ಅಲ್ಲ. ಗದಗ ರಸ್ತೆ ಎರಿ ಹೊಲದ ನಡುವ ಸಪಾಟ ಹೋಗತದ. ಅರಬೈಲ್ ಘಟ್ಟ ಉದ್ದ ಖರೆ, ಆದ್ರ ಲಾರಿ ಹತ್ತಬೇಕಂತ ಸುತ್ತು ಹಾಕಿ ಕಡದ ರಸ್ತೆ ಅದು. ಪೀಕ್‌ನ ಸಣ್ಣ ರಸ್ತೆಗಳು ಬಂಡಿ ದಾರಿಗಳು, ಗುಡ್ಡಕ್ಕ ನೆಟ್ಟಗ ಹತ್ತತಾವ. ಅರ್ಧ ಕಿ.ಮೀ. ಏರು, ಹಂಗ ಇಳಿಜಾರು, ಮತ್ತ ಏರು. ಕಿಲೋಮೀಟರಿಗೆ 15ರಿಂದ 20 ಮೀಟರ್ ಏರು ಹಿಡೀರಿ. 60 ಕಿ.ಮೀ. ಅಂದ್ರ 1,000 ಮೀಟರ್ ಆಜೂಬಾಜು ಆಗತದ. ನಿಮಗ ಅದು ಪೂರ್ತಿ ಒಂದು ದಿನದ ಕೆಲಸ.

ಆರ್ಡನೆನ್ಸ್ ಸರ್ವೆ (ಅಲ್ಲಿನ ಸರ್ಕಾರಿ ನಕಾಶೆ ಸಂಸ್ಥಾ) ನಕಾಶೆದಾಗ ರಸ್ತೆ ಮ್ಯಾಲೆ ಬಾಣದ ಗುರುತು ನೋಡ್ರಿ. ಒಂದು ಬಾಣ ಇದ್ರ 14ರಿಂದ 20% ಏರು (ನೂರು ಮೀಟರಿಗೆ 14ರಿಂದ 20 ಮೀಟರ್), ಎರಡು ಇದ್ರ 20%ಕ್ಕಿಂತ ಹೆಚ್ಚು. ಬಾಣದ ಮೂತಿ ಇಳಿಜಾರಿನ ಕಡೆ ಇರತದ. ಹಳದಿ ಬಣ್ಣದ ರಸ್ತೆ ಆರಿಸ್ರಿ, 'ಎ' ನಂಬರಿನ ದೊಡ್ಡ ರಸ್ತೆ ಬ್ಯಾಡ.

ಅಪ್ಪಾರಿಗೆ ಮಾನ್ಸಲ್ ಟ್ರೇಲ್. 1968ರಾಗ ಬಂದಾದ ರೈಲು ಹಾದಿ, ಮೋಟಾರು ಗಾಡಿ ಇಲ್ಲ. ಬೇಕ್‌ವೆಲ್‌ನಿಂದ ಬ್ಲ್ಯಾಕ್‌ವೆಲ್ ಮಿಲ್ ತನಕ 14 ಕಿ.ಮೀ., ಹೋಗಿ ಬಂದ್ರ 28. ಉಗಿಬಂಡಿ ಎಳೀಬೇಕಿತ್ತಲ್ಲ, ಅದಕ್ಕ ಏರು ಇದ್ದೂ ಇಲ್ಲದಂಗ. ಹೋಗೋವಾಗ ಸ್ವಲ್ಪ ಹತ್ತೋದು, ಬರೋವಾಗ ಇಳಿಯೋದು. ದಣಿದ ಮ್ಯಾಲೆ ಇಳಿಜಾರು ಸಿಗೋದು ಭಾಳ ಛಲೋ. 2011ರಾಗ ತೆರೆದ ನಾಲ್ಕು ಸುರಂಗ ಅವ, ಒಂದೊಂದು ಸುಮಾರು 400 ಮೀಟರ್. ಹಗಲು ದೀಪ ಇರತಾವ, ಆದ್ರೂ ಬಿಸಿಲಿನಿಂದ ಒಳಗ ಹೊಕ್ಕ ಕೂಡಲೇ ಕಣ್ಣು ಕತ್ತಲಾಗತದ. ಕಪ್ಪು ಚಶ್ಮಾ ಬಾಗಲದಾಗ ತಗದು, ಸೈಕಲ್ ದೀಪ ಹಚ್ಚಿ, ಎಡಕ್ಕ ಹಿಡದು ನಿಧಾನ ಹೋಗ್ಲಿ. ಮ್ಯಾಲಿಂದ ನೀರು ತಟಕತದ.

ಗೇರ್ ರೂಢಿ ಇಲ್ಲದವರಿಗೆ ಬಾಡಿಗಿ ಇ-ಬೈಕ್ ಕೊಡಸ್ರಿ. ಅಲ್ಲಿ ಕಾಯ್ದೆ ಪ್ರಕಾರ 250 ವ್ಯಾಟ್ ಮೋಟಾರು, ತಾಸಿಗೆ 25 ಕಿ.ಮೀ. ದಾಟಿದ್ರ ಜೋರು ಕೊಡೋದು ನಿಲ್ಲತದ. ಓಡಿ ಹೋಗೋ ಭಯ ಇಲ್ಲ.

ನಿಮಗ 50 ಕಿ.ಮೀ. ಸುತ್ತು ಒಂದದ. ಆಶ್‌ಬೋರ್ನ್‌ನಿಂದ ಟಿಸ್ಸಿಂಗ್ಟನ್ ಟ್ರೇಲ್ ಹಿಡದು ಹಾರ್ಟಿಂಗ್ಟನ್ ಹಳೆ ಸ್ಟೇಷನ್ ತನಕ. ಇದೂ ರೈಲು ಹಾದಿನ. ಆಶ್‌ಬೋರ್ನ್ ಬಿಟ್ಟು ಸ್ವಲ್ಪ ದೂರದಾಗ ಹಳೆ ಸೇತುವಿ ಇಲ್ಲ, ಹಾದಿ ಹಳ್ಳಕ್ಕ ಇಳದು ಕಡಿದಾಗಿ ಹತ್ತತದ. ಅಲ್ಲೆ ಮೊದಲೇ ಸಣ್ಣ ಗೇರಿಗೆ ಹಾಕಿಟ್ಟಿರ್ರಿ. ಹಾರ್ಟಿಂಗ್ಟನ್ ಊರು ಸ್ಟೇಷನ್‌ನಿಂದ ಕೆಳಗ ಅದ. ಅಲ್ಲಿಂದ ಹಲ್ಮ್ ಎಂಡ್, ಮತ್ತ ಮ್ಯಾನಿಫೋಲ್ಡ್ ಟ್ರ್ಯಾಕ್ ಹಿಡದು ವಾಟರ್‌ಹೌಸಸ್, 13 ಕಿ.ಮೀ. ಈ ಟ್ರ್ಯಾಕ್ ಪೂರ್ತಿ ಡಾಂಬರು, ಆದ್ರ ಸ್ವೇನ್ಸ್‌ಲಿ ಸುರಂಗದ ಕಡೆ ಕಾರೂ ಬರತಾವ. ವಾಪಸ್ ಕ್ಯಾಲ್ಟನ್, ಬ್ಲೋರ್, ಮ್ಯಾಪಲ್ಟನ್. ಬ್ಲೋರ್ ಇಳಿಜಾರು ಕಡಿದು, ಬ್ರೇಕ್ ಹಿಡದ ಇಳೀರಿ.

ಟಿಸ್ಸಿಂಗ್ಟನ್ ಮ್ಯಾಲೆ ಸುಣ್ಣದ ಕಲ್ಲಿನ ಪುಡಿ ಹಾಕ್ಯಾರ. 28 ಎಂ.ಎಂ. ಟೈರ್ ನಡೀತದ, ಗಾಳಿ 65–70 ಪಿ.ಎಸ್.ಐ. ಸಾಕು. ಮಳಿ ಆದ್ರ ಅದು ಬಿಳಿ ರಾಡಿ ಆಗಿ ಚೈನಿಗೆ ಮೆತ್ತತದ, ರಿಮ್ ಬ್ರೇಕ್ ಪ್ಯಾಡ್ ತಿಂದ ಹಾಕತದ. ಅವತ್ತ ಸಂಜೀನ ತೊಳೀರಿ, ಒಣಗಿದ ಮ್ಯಾಲೆ ಸಿಮೆಂಟಿನಂಗ ಕೂಡತದ.

ಸಪ್ತಾಪುರ_ಸ್ಪೋಕ್:

ಗೇರಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. 11-28 ಸಾಲುವುದಿಲ್ಲ. ಲೆಕ್ಕ ಹೀಗೆ: 34/28 ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 2.6 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ತಾಸಿಗೆ 9.3 ಕಿ.ಮೀ. ಸವಾರ, ಸೈಕಲ್ ಸೇರಿ 80 ಕಿಲೋ ಇದ್ದರೆ 20% ಏರಿನಲ್ಲಿ ಆ ವೇಗಕ್ಕೆ 400 ವ್ಯಾಟ್ ಬೇಕು. ಸಪಾಟು ರಸ್ತೆಯಲ್ಲಿ ಗಾಳಿ ಇಲ್ಲದಾಗ 25ರ ವೇಗಕ್ಕೆ ಅದರ ಮೂರನೇ ಒಂದು ಭಾಗ ಸಾಕು. ಗದಗ ಹೋಗಿ ಬರುವ ಕಾಲು ಇಲ್ಲಿ ಸೋಲುವುದು ಅದಕ್ಕೇ. ಹಿಂದೆ 34 ಹಲ್ಲು ಹಾಕಿದರೆ ಅದೇ ತುಳಿತಕ್ಕೆ 330 ವ್ಯಾಟ್, 50 ಸುತ್ತಿಗೆ ಇಳಿದರೆ 275.

ಆದರೆ ಬರೀ ಕ್ಯಾಸೆಟ್ ಬದಲಿಸಿ ಹೊರಡಬೇಡಿ. ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಶಾರ್ಟ್ ಕೇಜ್, ಅಂದರೆ ಗಿಡ್ಡ ತೋಳಿನದು ಆಗಿದ್ದರೆ 34 ಹಿಡಿಯುವುದಿಲ್ಲ, ಮೀಡಿಯಂ ಕೇಜ್ ಬೇಕು. ಚೈನೂ ಗಿಡ್ಡವಾಗುತ್ತದೆ. ಡಿರೇಲರ್ ಮೂಲಕ ಹಾಯಿಸದೆ ಚೈನನ್ನು ನೇರ ಮುಂದಿನ 50, ಹಿಂದಿನ 34ಕ್ಕೆ ಸುತ್ತಿ. ಎರಡು ತುದಿ ಕೂಡಿದ ಮೇಲೆ ಇನ್ನೆರಡು ಕೊಂಡಿ ಉಳಿಯಬೇಕು. ಉಳಿಯದಿದ್ದರೆ ಕೈತಪ್ಪಿ ಚೈನು ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಬಿದ್ದ ದಿನ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿಯುವ ತುಂಡು) ಮುರಿದು ಡಿರೇಲರ್ ಸ್ಪೋಕಿನೊಳಗೆ ಹೋಗುತ್ತದೆ.

ಕಪ್ಪತಗುಡ್ಡ_ಗಾಳಿ:

ತಮ್ಮಗ ವಿನ್ನಾಟ್ಸ್ ಪಾಸ್ ಐತಿ. ಶೆಫೀಲ್ಡ್‌ನಿಂದ ಹೋಪ್ ಸ್ಟೇಷನ್‌ಗೆ ರೈಲು, ಅರ್ಧ ತಾಸು. ಹೋಪ್–ಕಾಸಲ್‌ಟನ್–ವಿನ್ನಾಟ್ಸ್–ಮ್ಯಾಮ್ ನಿಕ್–ಈಡೇಲ್–ಹೋಪ್, ಬರೇ 20 ಕಿ.ಮೀ. ಸುತ್ತು. ನಗಬ್ಯಾಡ್ರಿ. ಸುಣ್ಣದ ಕಲ್ಲಿನ ಕಮರಿಯೊಳಗ 20% ದಾಟಿದ ಏರದು. ಇಂಗ್ಲೆಂಡಿನವರ ರಾಷ್ಟ್ರೀಯ ಗುಡ್ಡ ಹತ್ತೋ ಸ್ಪರ್ಧಾ 2021ರಾಗ ಅಲ್ಲೇ ಆತು. ಮ್ಯಾಮ್ ಟೋರ್ ಕೆಳಗಿನ ದೊಡ್ಡ ರಸ್ತೆ ಮಣ್ಣು ಜರದು 1979ರಾಗ ಕಾಯಂ ಬಂದ್ ಆಗಿದ್ದಕ್ಕ ಕಾರೆಲ್ಲಾ ಈ ಕಮರಿಗೇ ಬರತಾವ. ಮುಂಜಾನೆ ಎಂಟರೊಳಗ ಹತ್ತಿ ಮುಗಸ್ಲಿ.

ಎದ್ದು ನಿಂತು ತುಳದ್ರ ಹಸಿ ರಸ್ತೆದಾಗ ಹಿಂದಿನ ಗಾಲಿ ಜಾರತೈತಿ. ಪೂರ್ತಿ ಹಿಂದ ಕುಂತ್ರ ಮುಂದಿನ ಗಾಲಿ ಏಳತೈತಿ. ಸೀಟಿನ ಮೂತಿ ಮ್ಯಾಲೆ ಕುಂತು, ಮೊಳಕೈ ಬಗ್ಗಿಸಿ, ಎದಿ ಹ್ಯಾಂಡಲ್ ಕಡೆ ತರಬೇಕು. ಇದನ್ನ ಗದಗ ರಸ್ತೆಯ ಎದುರುಗಾಳಿ ಕಲಸಂಗಿಲ್ಲ. ಆ ಗಾಳಿ ದಮ್ಮು ಕೊಡತೈತಿ, ಅಷ್ಟ. ವಾರಕ್ಕ ಎರಡು ದಿನ ನೃಪತುಂಗ ಬೆಟ್ಟದ ರಸ್ತೆ ಹತ್ತು ಸಲ ಹತ್ತಿ ಇಳಿಯಾಕ ಹೇಳ್ರಿ.

ಅದು ಪಚನ ಆದ್ರ ಸ್ನೇಕ್ ಪಾಸ್ (510 ಮೀಟರ್ ಎತ್ತರ), ಹೋಮ್ ಮಾಸ್ (524 ಮೀಟರ್) ಅನ್ನೋ ಎರಡು ಘಟ್ಟದ ರಸ್ತೆ. ಎರಡನೇದು 2014ರ ಟೂರ್ ಡಿ ಫ್ರಾನ್ಸ್‌ನ ಯಾರ್ಕ್–ಶೆಫೀಲ್ಡ್ ಹಂತದಾಗಿತ್ತು. ಎರಡರ ನಡುವ ಎ628 ಮ್ಯಾಲೆ ಸ್ವಲ್ಪ ದೂರ ಹೋಗಬೇಕು. ನಮ್ಮ ಹುಬ್ಬಳ್ಳಿ–ಧಾರವಾಡ ಬೈಪಾಸ್ ನೆನಪಾಗೋವಷ್ಟು ಲಾರಿ. ನನ್ನ ಕೇಳಿದ್ರ ಎರಡನ್ನೂ ಬ್ಯಾರೆ ಬ್ಯಾರೆ ದಿನ ಮಾಡೋದು ಛಲೋ.

ಉಣಕಲ್_ಕೆರಿದಂಡಿ:

ಭಾಳ ಉಪಕಾರ ಆತ್ರಿ. ರೈಲಿನ್ಯಾಗ ಸೈಕಲ್‌ಗೆ ಟಿಕೆಟ್ ಬೇಕೇನು? ಮುಳ್ಳಿನ ಕಾಟ ಹೆಂಗ? ಒಯ್ಯೋದೋ ಬಾಡಿಗಿನೋ ಇನ್ನೂ ತಿಳೀಲಿಲ್ಲ.

ಸಾಧನಕೇರಿ_ಪೆಡಲ್:

ಹೋಪ್ ಕಡೆ ನಿಂತು ನಿಂತು ಹೋಗೋ ನಾರ್ದರ್ನ್ ಕಂಪನಿ ರೈಲಿನ್ಯಾಗ ಸೈಕಲ್ ಪುಕ್ಕಟೆ, ಬುಕಿಂಗ್ ಇಲ್ಲ, ಆದ್ರ ಒಂದು ಗಾಡಿಗೆ ಎರಡ. ನೀವು ಮೂರು ಮಂದಿ ಕೂಡಿ ಹೋದ್ರ ಒಬ್ಬರು ಪ್ಲಾಟ್‌ಫಾರ್ಮ್ ಮ್ಯಾಲೆ ಉಳೀತೀರಿ. ಬೇಕ್‌ವೆಲ್, ಆಶ್‌ಬೋರ್ನ್‌ಗೆ ರೈಲ ಇಲ್ಲ, ಕಾರಿನ ವ್ಯವಸ್ಥಾ ನೋಡ್ಕೋರಿ.

ಇಲ್ಲಿನ ಜಾಲಿಮುಳ್ಳಿನಂಗ ಅಲ್ಲೆ ಹಾಥಾರ್ನ್ ಬೇಲಿ ಮುಳ್ಳು. ಬೇಲಿ ಕತ್ತರಸೋದು ಸೆಪ್ಟೆಂಬರ್ ಮ್ಯಾಲೆ, ಜುಲೈದಾಗ ಅಷ್ಟು ಕಾಟ ಇಲ್ಲ. ಮ್ಯಾಲಿನ ಭಾಗದಾಗ ಬೇಲಿಗಿಂತ ಕಲ್ಲಿನ ಗ್ವಾಡಿನ ಹೆಚ್ಚು. ರಸ್ತೆಗೆ ಅಡ್ಡ ಕಬ್ಬಿಣದ ಸರಳಿನ ದನ-ತಡೆ ಬಂದ್ರ ಬ್ರೇಕ್ ಹಿಡೀದ, ಹ್ಯಾಂಡಲ್ ತಿರಗಸ್ದ ನೆಟ್ಟಗ ದಾಟ್ರಿ. ಹಸಿ ಇದ್ದಾಗ ಸೊಟ್ಟ ಹೋದ್ರ ಬಿದ್ದಂಗ.

ಸಪ್ತಾಪುರ_ಸ್ಪೋಕ್:

ನಾಲ್ಕೈದು ದಿನಕ್ಕೆ ಪೆಟ್ಟಿಗೆ ಕಟ್ಟಿ ಒಯ್ಯುವುದು ದಂಡ. ಬಾಡಿಗೆ ತೆಗೆದುಕೊಳ್ಳಿ, ಬುಕ್ ಮಾಡುವಾಗಲೇ "34 ಹಲ್ಲಿನ ಕ್ಯಾಸೆಟ್, ಡಿಸ್ಕ್ ಬ್ರೇಕ್" ಎಂದು ಕೇಳಿ. ಆಗ ಇಲ್ಲಿ ಚೈನ್ ಕತ್ತರಿಸುವ ಕೆಲಸವೂ ತಪ್ಪುತ್ತದೆ. ಇಲ್ಲಿಂದ ಹೆಲ್ಮೆಟ್, ಶೂ, ನಿಮ್ಮ ಪೆಡಲ್ ಒಯ್ಯಿರಿ. ಎಡ ಪೆಡಲಿನ ಥ್ರೆಡ್ ಉಲ್ಟಾ. ಎಡಬದಿಗೆ ನಿಂತು ನೋಡಿದರೆ ಬಿಚ್ಚುವುದು ಗಡಿಯಾರದ ದಿಕ್ಕಿಗೆ. ಕ್ರ್ಯಾಂಕಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟು ಸೆಂಟಿಮೀಟರ್ ಎಂದು ಮನೆಯಲ್ಲೇ ಟೇಪ್ ಹಿಡಿದು ಮೂವರದ್ದೂ ಬರೆದಿಟ್ಟುಕೊಳ್ಳಿ. ಅಪ್ಪನವರ ಸೀಟನ್ನು ಮಾತ್ರ ಅಳತೆಗಿಂತ ಎರಡು ಸೆಂ.ಮೀ. ಕೆಳಗಿಡಿ. ನಿಂತಾಗ ಕಾಲು ನೆಲಕ್ಕೆ ಮುಟ್ಟಲಿ, ಇ-ಬೈಕ್ ತೂಕ ಜಾಸ್ತಿ.