ಕೈ ಅಲ್ಲಾಡಲಿಲ್ಲ, ಬಲೂನ್ ಹೇಗೆ ಹಾರಿತು?

ಪ್ರಶ್ನೆ: ಮೇಡಂ ನಮಸ್ಕಾರ, ನಾವು ಚನ್ನಗಿರಿ ಕಡೆಯವರು. ನನ್ನ ತಮ್ಮ ಅಡಿಕೆ ಕೊನೆ ಇಳಿಸುವಾಗ ಮರದಿಂದ ಬಿದ್ದು ಐದು ತಿಂಗಳಾಯ್ತು. ಕುತ್ತಿಗೆಗೆ ಪೆಟ್ಟು, ರಿಪೋರ್ಟಲ್ಲಿ ಸಿ6 ಇನ್‌ಕಂಪ್ಲೀಟ್ ಅಂತಿದೆ, ಅಂದ್ರೆ ಕುತ್ತಿಗೆಯ ಆರನೇ ನರದ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟು, ಆದ್ರೆ ಪೂರ್ತಿ ಹೋಗಿಲ್ಲ ಅಂತೆ. ಮಣಿಕಟ್ಟು ಎತ್ತುತ್ತಾನೆ, ಮೊಣಕೈ ನೆಟ್ಟಗೆ ಮಾಡೋಕೆ ಆಗಲ್ಲ. ದಾವಣಗೆರೆಯಲ್ಲಿ ಫಿಸಿಯೋಥೆರಪಿ ನಡೀತಿದೆ. ಮೊನ್ನೆ ತೋಳಿನ ಹಿಂದೆ ಸ್ಟಿಕ್ಕರ್ ಥರದ್ದು ಅಂಟಿಸಿ ಬಲೂನ್ ಹಾರಿಸೋ ಗೇಮ್ ಆಡಿಸಿದರು. ಕೈ ಒಂಚೂರೂ ಅಲ್ಲಾಡಲಿಲ್ಲ, ಬಲೂನ್ ಮಾತ್ರ ಮೇಲೆ ಹೋಯ್ತು! ಅಪ್ಪ "ಕರೆಂಟ್ ಕೊಟ್ಟು ಆಟ ಆಡಿಸ್ತಾರೆ, ದುಡ್ಡು ದಂಡ" ಅಂತಿದ್ದಾರೆ. ಇದರಿಂದ ಕೈ ಬರುತ್ತಾ?

ಉತ್ತರ: ಮೊದಲು ಅಪ್ಪನವರಿಗೆ ಹೇಳಿ, ಇದು ಕರೆಂಟ್ ಕೊಡೋದಲ್ಲ. ಕರೆಂಟ್ ಕೊಡುವ ಮಷೀನ್ ಬೇರೆ, ಅದು ಸ್ನಾಯುವನ್ನ ಹೊರಗಿನಿಂದ ಕುಣಿಸುತ್ತೆ. ಇದಕ್ಕೆ ಇಎಂಜಿ ಅಂತಾರೆ, ಇದು ಬರೀ ಕೇಳಿಸಿಕೊಳ್ಳುತ್ತೆ. ಸ್ನಾಯು ಬಿಗಿಯಾಗುವಾಗ ಅದರಲ್ಲೇ ಒಂದು ಚಿಕ್ಕ ವಿದ್ಯುತ್ ಹುಟ್ಟುತ್ತೆ, ವೋಲ್ಟಿನ ಸಾವಿರದಲ್ಲೊಂದು ಪಾಲಿನ ಲೆಕ್ಕದ್ದು. ಸ್ಟಿಕ್ಕರ್ ಅದನ್ನ ಹಿಡಿದು, ಮಷೀನ್ ದೊಡ್ಡದು ಮಾಡಿ ಬಲೂನಿಗೆ ಕಳಿಸುತ್ತೆ.

ನಾವು ಫಿಸಿಯೋಥೆರಪಿಯವರು ಸ್ನಾಯುವಿನ ಬಲಕ್ಕೆ 0 ರಿಂದ 5ರ ತನಕ ಮಾರ್ಕ್ಸ್ ಕೊಡುತ್ತೇವೆ. 1 ಅಂದರೆ ಬೆರಳಿಟ್ಟರೆ ಸ್ನಾಯು ಒಂಚೂರು ಬಿಗಿಯಾಗೋದು ಗೊತ್ತಾಗುತ್ತೆ, ಕೈ ಅಲ್ಲಾಡಲ್ಲ. ನಿಮ್ಮ ತಮ್ಮನ ತೋಳಿನ ಹಿಂದಿನ ಟ್ರೈಸೆಪ್ಸ್ ಹೆಚ್ಚುಕಡಿಮೆ ಅಲ್ಲೇ ಇರಬೇಕು. ಅಂಥವರಿಗೆ "ಇನ್ನೊಂಚೂರು ಒತ್ತಪ್ಪಾ" ಅಂತ ನಾವು ಎಷ್ಟು ಕೂಗಿದರೂ ತಾನು ಮಾಡಿದ್ದು ಸರಿಯೋ ತಪ್ಪೋ ಅವರಿಗೇ ಗೊತ್ತಾಗಲ್ಲ, ನಾಲ್ಕು ದಿನಕ್ಕೆ ಬೇಜಾರಾಗಿ ಕೈಬಿಡ್ತಾರೆ. ಬಲೂನ್ ಹಾರಿದರೆ ಗೊತ್ತಾಗುತ್ತೆ. ದಿನಕ್ಕೆ ನೂರು ಸಲ ಮಾಡೋಕೂ ಮನಸ್ಸು ಬರುತ್ತೆ.

ಆದರೆ ಗೇಮ್ ನರವನ್ನ ಜೋಡಿಸುತ್ತೆ ಅಂತ ನಾನು ಹೇಳಲ್ಲ. ಉಳಿದಿರುವ ದಾರಿಯನ್ನ ಬಳಸೋಕೆ ಕಲಿಸುತ್ತೆ, ಅಷ್ಟೇ. ಟ್ರೈಸೆಪ್ಸ್ ಬಲ ಬಂದರೆ ಹಾಸಿಗೆಯಿಂದ ವೀಲ್‌ಚೇರಿಗೆ ಕೈಯೂರಿ ಸರಿಯೋದು ಎಷ್ಟೋ ಸುಲಭ, ಅದು ಸಣ್ಣ ವಿಷಯ ಅಲ್ಲ.

ಪ್ರಶ್ನೆ: ಆದ್ರೆ ಮೇಡಂ, ಒಂದೊಂದ್ಸಲ ಅವನ ಕೈ ನೆಟ್ಟಗಾಗುತ್ತಲ್ಲ?

ಉತ್ತರ: ಅಲ್ಲೇ ಇರೋದು ಕಳ್ಳಾಟ. ಸಿ6 ಇರೋರು ಭುಜವನ್ನ ಹೊರಕ್ಕೆ ತಿರುಗಿಸಿ, ಕೈಯನ್ನ ಅದರ ಭಾರಕ್ಕೇ ಬೀಳೋಕೆ ಬಿಟ್ಟು ಮೊಣಕೈ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಬದುಕೋಕೆ ಒಳ್ಳೆ ಉಪಾಯವೇ ಅದು, ತಪ್ಪಿಸಬೇಡಿ. ಆದರೆ ಗೇಮಿನ ಹೊತ್ತಲ್ಲಿ ಬೇಡ. ಭುಜದ ಮೇಲೆ ನೀವು ಕೈಯಿಟ್ಟು ನೋಡಿ, ಕುಣಿದರೆ ಗೊತ್ತಾಗುತ್ತೆ. ತೋಳಿನ ಮುಂದಿನ ಬೈಸೆಪ್ಸ್‌ಗೂ ಒಂದು ಜೊತೆ ಸ್ಟಿಕ್ಕರ್ ಹಾಕೋಕೆ ಕೇಳಿ, ಅದು ಸುಮ್ನಿರಬೇಕು, ಹಿಂದಿನದು ಏಳಬೇಕು. ಸೆಳೆತ ಬಂದಾಗಲೂ ಬಲೂನ್ ಹಾರುತ್ತೆ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ.

ಇನ್ನೊಂದು, ಬೆರಳು ಚಾಚಿಸೋರಿದ್ದರೆ ಹುಷಾರು. ಮಣಿಕಟ್ಟು ಎತ್ತಿದಾಗ ಅವನ ಬೆರಳು ತಾನಾಗೇ ಮಡಚಿಕೊಳ್ಳುತ್ತಲ್ಲ, ಮಂಡಕ್ಕಿ ಪೊಟ್ಟಣ ಹಿಡಿಯೋದು ಆ ಹಿಡಿತದಿಂದಲೇ. ಮಣಿಕಟ್ಟು ಎತ್ತಿಟ್ಟುಕೊಂಡೇ ಬೆರಳನ್ನ ಪೂರ್ತಿ ಎಳೆದು ಬಿಡಿಸಿದರೆ ಆ ಹಿಡಿತ ಸಡಿಲವಾಗಿ ಹೋಗುತ್ತೆ.

ಆಡುವಾಗ ದಿಢೀರ್ ಜೋರು ತಲೆನೋವು, ಮುಖ ಕೆಂಪು, ಬೆವರು ಬಂದರೆ ಆಟ ನಿಲ್ಲಿಸಿ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಮಡಚಿದೆಯಾ ನೋಡಿ, ಬೇಗ ಡಾಕ್ಟರಿಗೆ ತೋರಿಸಿ. ಬಿಪಿ ಏರಿರುತ್ತೆ, ಕಾಯೋಕೆ ಹೋಗಬೇಡಿ.

ಪ್ರಶ್ನೆ: ಅಪ್ಪ ಇನ್ನೂ ನಂಬ್ತಿಲ್ಲ ಮೇಡಂ.

ಉತ್ತರ: ಮುಂದಿನ ಸಲ ಅವರನ್ನೂ ಕರ್ಕೊಂಡು ಹೋಗಿ, ಅವರ ತೋಳಿಗೇ ಒಂದ್ಸಲ ಅಂಟಿಸಿ ಆಡಿಸೋಕೆ ಹೇಳಿ.