ಕ್ಯಾರೆಟ್ ಜ್ಯೂಸ್ ಮತ್ತು ಚಿಕ್ಕಪ್ಪನ ಕನ್ನಡಕ

ಚಿಕ್ಕಪ್ಪ: (ಫಾರ್ವರ್ಡ್) 30 ದಿನ ಖಾಲಿ ಹೊಟ್ಟೆಗೆ ಕ್ಯಾರೆಟ್ ಜ್ಯೂಸ್ ಕುಡಿಯಿರಿ. ಕನ್ನಡಕ ಬಿಸಾಡಿ. ಡಾಕ್ಟರುಗಳು ಇದನ್ನು ಹೇಳುವುದಿಲ್ಲ!! ಎಲ್ಲರಿಗೂ ಕಳಿಸಿ 🙏

ಚಿಕ್ಕಪ್ಪ: ನಾನು ಶುರು ಮಾಡಿ ಮೂರು ವಾರ ಆಯಿತು.

ಸುಮಕ್ಕ: ಕನ್ನಡಕ ಬಿಸಾಡಿಲ್ಲ ತಾನೇ ಚಿಕ್ಕಪ್ಪ?

ಚಿಕ್ಕಪ್ಪ: ಇನ್ನೂ ಇಲ್ಲ. ಡ್ರಾಯರ್‌ನಲ್ಲಿದೆ.

ಸುಮಕ್ಕ: ತೆಗೆದು ಹಾಕಿಕೊಳ್ಳಿ. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಲೆನ್ಸ್ ಬಿಗಿಯಾಗುತ್ತದೆ, ಅದಕ್ಕೇ ಹತ್ತಿರದ ಅಕ್ಷರ ಕಾಣುವುದಿಲ್ಲ. ಜ್ಯೂಸ್ ಕುಡಿದರೆ ಅದು ಮೆತ್ತಗಾಗುತ್ತದಾ?

(ಅಕ್ಕ ಡಾಕ್ಟರ್ ಅಲ್ಲ. ತನಗೆ ಶುಗರ್ ಬಂದ ಮೇಲೆ ಎಲ್ಲ ಓದಿಕೊಂಡಿದ್ದಾಳೆ.)

ನಾನು: ಕ್ಯಾರೆಟ್‌ನಿಂದ ಸಿಗುವ ವಿಟಮಿನ್ ಎ ಕಡಿಮೆಯಾದರೆ ಇರುಳುಗುರುಡು ಬರುತ್ತದಲ್ಲ ಅಕ್ಕ. ಪೂರ್ತಿ ಸುಳ್ಳಂತೂ ಅಲ್ಲ.

ಸುಮಕ್ಕ: ಕೊರತೆ ಇದ್ದವರಿಗೆ ಅದು ಮದ್ದೇ. ಇಲ್ಲದವರು ಜಾಸ್ತಿ ತಿಂದರೆ ಜಾಸ್ತಿ ಕಾಣುವುದಿಲ್ಲ.

ನಾನು: ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪೈಲಟ್‌ಗಳು ಕ್ಯಾರೆಟ್ ತಿಂದೇ ರಾತ್ರಿ ಶತ್ರು ವಿಮಾನ ಹೊಡೆಯುತ್ತಿದ್ದರಂತೆ.

ಸುಮಕ್ಕ: ಅವರ ವಿಮಾನದಲ್ಲಿ ರೇಡಾರ್ ಇತ್ತು ಮಾರಾಯ. ಕ್ಯಾರೆಟ್ ಕಥೆ ಆ ಕಾಲದ ಫಾರ್ವರ್ಡ್.

ಅತ್ತೆ: ಹಾಗಾದರೆ ತಿನ್ನುವುದರಿಂದ ಏನೂ ಇಲ್ಲವಾ? ನಾನು ಸುಮ್ನೆ ದಿನಾ ಸೊಪ್ಪು ಬೇಯಿಸುತ್ತಿದ್ದೇನಾ?

ಸುಮಕ್ಕ: ಸುಮ್ನೆ ಅಲ್ಲ ಅತ್ತೆ. ಸೊಪ್ಪಿನಲ್ಲಿರುವ ಲ್ಯೂಟಿನ್ ಅನ್ನುವ ಹಳದಿ ಬಣ್ಣದ ಅಂಶ ರೆಟಿನಾದ, ಅಂದರೆ ಕಣ್ಣಿನ ಹಿಂಪರದೆಯ, ನಟ್ಟನಡುವೆ ಹೋಗಿ ಸೇರಿಕೊಳ್ಳುತ್ತದೆ. ಮೊಟ್ಟೆಯ ಹಳದಿಯಲ್ಲೂ ಇದೆ. ಸ್ವಲ್ಪ ಎಣ್ಣೆ ಹಾಕಿ, ಆಗ ಮೈಗೆ ಹತ್ತುತ್ತದೆ.

ಚಿಕ್ಕಮ್ಮ: ಇವರ ಅಂಗೈ ಹಳದಿಯಾಗಿದೆ. ಕಾಮಾಲೆಯೇನೋ ಅಂತ ನನಗೆ ಭಯ.

ಸುಮಕ್ಕ: ಕಣ್ಣಿನ ಬಿಳಿಭಾಗ ಬೆಳ್ಳಗೇ ಇದ್ದರೆ ಕ್ಯಾರೆಟ್ ಬಣ್ಣ ಇರಬಹುದು. ಆದರೂ ಡಾಕ್ಟರಿಗೆ ತೋರಿಸಿ. ಅಲ್ಲ ಚಿಕ್ಕಪ್ಪ, ಶುಗರ್ ಇಟ್ಟುಕೊಂಡು ದಿನಾ ಜ್ಯೂಸಾ? ನಾರು ಚೆಲ್ಲಿ ಸಕ್ಕರೆ ಕುಡಿದ ಹಾಗೆ. ಕಣ್ಣು ಪರೀಕ್ಷೆ ಮಾಡಿಸಿದ್ದು ಯಾವಾಗ?

ಚಿಕ್ಕಪ್ಪ: ಹೋದ ವರ್ಷ, ಕನ್ನಡಕದ ಅಂಗಡಿಯಲ್ಲಿ. ಕೊನೆಯ ಸಾಲಿನವರೆಗೂ ಓದಿದೆ.

ಸುಮಕ್ಕ: ಅದು ನಂಬರ್ ನೋಡಿದ್ದು. ಡ್ರಾಪ್ಸ್ ಹಾಕಿ, ಪಾಪೆ ಹಿಗ್ಗಿಸಿ ಒಳಗೆ ನೋಡಿದರಾ? ರೆಟಿನಾದ ಸಣ್ಣ ರಕ್ತನಾಳ ಸೋರಲು ಶುರುವಾದರೂ ಮೊದಮೊದಲು ನಮಗೆ ಗೊತ್ತಾಗುವುದಿಲ್ಲ. ಶುಗರ್ ಇದ್ದವರು ವರ್ಷಕ್ಕೊಮ್ಮೆ ನೋಡಿಸಬೇಕು.

ಚಿಕ್ಕಪ್ಪ: ಚೆನ್ನಾಗಿ ಕಾಣುತ್ತಿರುವಾಗ ಯಾಕಮ್ಮ? ಇಲ್ಲದ ರೋಗ ಹುಡುಕುತ್ತಾರೆ ಅಷ್ಟೇ.

ಮಾವ: ನಾನೂ ಹೀಗೇ ಅಂದುಕೊಂಡಿದ್ದೆ. ನನಗಿರುವುದು ಗ್ಲಾಕೋಮಾ, ಕಣ್ಣಿನ ನರ ಮೆಲ್ಲಗೆ ಹಾಳಾಗುವ ಕಾಯಿಲೆ. ನೋವಿಲ್ಲ, ಉರಿ ಇಲ್ಲ. ಒಂದು ಕಣ್ಣಿಗೆ ತಪ್ಪಿದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತಿತ್ತು. ಬಾಗಿಲಿಗೆ ಭುಜ ತಾಗಿದಾಗೆಲ್ಲ ನನ್ನದೇ ಅವಸರ ಅಂದುಕೊಂಡೆ. ಪಕ್ಕದ ನೋಟ ಹೋಗಿತ್ತು. ಹೋದದ್ದು ವಾಪಸ್ ಬರುವುದಿಲ್ಲ ಅಂದರು. ಉಳಿದದ್ದು ಉಳಿಯಲಿ ಅಂತ ದಿನಾ ರಾತ್ರಿ ಡ್ರಾಪ್ಸ್.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಗುಂಪಿನಲ್ಲಿ ಅದು ದಾಖಲೆ.)

ಚಿಕ್ಕಪ್ಪ: ಭಾವ, ಇದನ್ನು ನಮಗೆ ಹೇಳಲೇ ಇಲ್ಲ.

ಮಾವ: ಕೇಳಿದ್ದರೆ ಹೇಳುತ್ತಿದ್ದೆ. ನೀನು ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದೆ.

ಸುಮಕ್ಕ: ಶನಿವಾರ ನಾನೇ ಕರೆದುಕೊಂಡು ಹೋಗುತ್ತೇನೆ ಚಿಕ್ಕಪ್ಪ. ಪಾಪೆ ಹಿಗ್ಗಿದರೆ ಕೆಲವು ಗಂಟೆ ಮಂಜು ಮಂಜು. ನೀವು ಗಾಡಿ ಓಡಿಸುವ ಹಾಗಿಲ್ಲ.

ಚಿಕ್ಕಪ್ಪ: ಆ ಡ್ರಾಪ್ಸ್ ತುಂಬಾ ಉರಿಯುತ್ತದಾ?

ಮಾವ: ಒಂಚೂರು. ಅಷ್ಟಕ್ಕೇನಾ ನೀನು ಮೂರು ವಾರ ಜ್ಯೂಸ್ ಕುಡಿದದ್ದು?